ಕೊಳಗೇರಿ ಎಂದು ಬರೆದವನು ನಾನೇ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಚ್ಚಿಟ್ಟರೂ ನಾಲ್ಕು ಸಾಲು ಓದುವುದರೊಳಗೆ ನಿಮಗೆ ಗೊತ್ತಾಗಿಯೇ ಆಗುತ್ತದೆ. ಗೋಕಾಕದ ಕೋರ್ಟಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿದ್ದೇನೆ. ನನ್ನ ದನಿ ಏರಿತೆಂದರೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತ ಕಕ್ಷಿದಾರರು, ನನ್ನವರಲ್ಲದವರೂ, ಸುಮ್ಮನೆ ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಮಾತ್ರ ಯಾರೂ ಏಳುವುದಿಲ್ಲ, ಆ ಮಾತು ಬೇರೆ.

ಕೋರ್ಟು ಬಿಟ್ಟರೆ ನನ್ನ ಇನ್ನೊಂದು ಹುಚ್ಚು ಪಕ್ಷ. ಬಡವರ ಪರ, ದುಡಿಯುವವರ ಪರ, ಜಾತಿಯ ಅಹಂಕಾರದ ವಿರುದ್ಧ ಎಂದು ಹೇಳಿಕೊಳ್ಳುವ ಪಕ್ಷ. ಹೆಸರು ಬೇಡ, ಅಂಥ ಪಕ್ಷ ಯಾವುದಾದರೂ ಈ ಸುದ್ದಿ ಅದಕ್ಕೆ ಒಗ್ಗುತ್ತದೆ. ಅದರಲ್ಲಿ ನನ್ನ ಕೆಲಸ ಕರಪತ್ರ ಬರೆಯುವುದು. ಭಾಷಣ ಮಾಡುವವರು ಬೇರೆ ಇದ್ದರು, ಮೆರವಣಿಗೆಯಲ್ಲಿ ಮುಂದೆ ನಡೆಯುವವರಂತೂ ಬೇಕಾದಷ್ಟಿದ್ದರು. ಬರೆಯುವುದು ಎಂದಾಗ ಮಾತ್ರ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನನ್ನ ಕನ್ನಡದ ಬಗ್ಗೆ ನನಗೆ ಜಂಬವಿತ್ತು, ಈಗಲೂ ಸ್ವಲ್ಪ ಉಳಿದಿದೆ.

ಆದರೆ ನಾನು ಬರೆಯಲು ಕೂತಿರುವುದು ನನ್ನ ಬಗ್ಗೆ ಅಲ್ಲ, ಕಾಕುವಿನ ಬಗ್ಗೆ. ಓಣಿಯೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಗಿಡ್ಡ ಹೆಂಗಸು, ಹಣೆಯ ಮೇಲೆ ವಿಭೂತಿ, ಇಳಕಲ್ ಸೀರೆಯ ಸೆರಗು ಸದಾ ಸೊಂಟಕ್ಕೆ ಸಿಕ್ಕಿಸಿದ್ದು. ವಯಸ್ಸು ಎಪ್ಪತ್ತರ ಆಸುಪಾಸು. ಅವರ ಗಂಡ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು, ಪಕ್ಷದಲ್ಲಿ ನನಗಿಂತ ಹಿರಿಯರು. ನಾನು ಹೊಸದಾಗಿ ಕರಿಕೋಟು ಹಾಕಿಕೊಂಡು ಓಡಾಡುತ್ತಿದ್ದ ದಿನಗಳಲ್ಲಿ ಒಮ್ಮೆ ನನ್ನನ್ನು ಊಟಕ್ಕೆಂದು ಮನೆಗೆ ಕರೆದುಕೊಂಡು ಹೋಗಿದ್ದರು. ಅವರು ತೀರಿಕೊಂಡ ಮೇಲೆ ಆ ವಾರ್ಡಿನ ಪಕ್ಷದ ಕೆಲಸವೆಲ್ಲ ಕಾಕುವಿನ ಹೆಗಲಿಗೆ ಬಂತು. ಯಾರೂ ನೇಮಿಸಲಿಲ್ಲ, ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ಯಾವತ್ತೂ ಬರಲಿಲ್ಲ. ಬೆಳಗ್ಗೆ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು, ಮಧ್ಯಾಹ್ನದ ಮೇಲೆ ಓಣಿ ಅಡ್ಡಾಡಲು ಹೊರಡುತ್ತಿದ್ದರು.

ಅವರು ಓಟು ಕೇಳುವುದನ್ನು ನೋಡಬೇಕಿತ್ತು. ಅದನ್ನು ಓಟು ಕೇಳುವುದು ಅಂತ ಕರೆಯುವುದೇ ತಪ್ಪು. ಹೊಸ್ತಿಲ ಹತ್ತಿರ ನಿಂತು ಮೊದಲು ಆ ಮನೆಯ ಸೊಸೆಯ ಸೊಂಟನೋವು ವಿಚಾರಿಸುವರು. ಆಮೇಲೆ ಎಮ್ಮೆ ಈದಿತೋ ಇಲ್ಲವೋ, ಮಗನ ಸಾಲೆಯ ಫಲಿತಾಂಶ ಏನಾಯಿತು, ಅದೆಲ್ಲ. ಉಣ್ಣುವ ಹೊತ್ತಿನಲ್ಲಿ ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಪಕ್ಷದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ, ಎತ್ತಲು ಹೋದ ನನ್ನ ಕೈಯನ್ನು ಒಮ್ಮೆ ಹಿಂಡಿದ್ದು ಇನ್ನೂ ನೆನಪಿದೆ. ಕರಪತ್ರ ಸೊಂಟದಲ್ಲೇ ಇರುತ್ತಿತ್ತು. ಎಲ್ಲ ಮಾತು ಮುಗಿದು ಹೊರಡುವಾಗ, "ಇದನ್ನ ಆಮ್ಯಾಲೆ ಓದ್ರಿ, ಅವಸರಿಲ್ಲ" ಎಂದು ಕೊಡುತ್ತಿದ್ದರು. ಬೇರೆ ಪಕ್ಷದ ಕಟ್ಟಾಳು ಒಬ್ಬನಿಗೆ, "ಈ ಸಲ ನಮಗ ಹಾಕಪಾ, ನಿಮ್ಮವ್ರು ಹೆಂಗೂ ಬ್ಯಾಸತ್ತಾರ, ಒಂದೈದ ವರ್ಷ ಆರಾಮ ಮಾಡ್ಲಿ" ಎಂದು ನಗಿಸಿ ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆತ ಹಾಕಿದನೋ ಇಲ್ಲವೋ, ಮುಂದಿನ ಸಲ ಕಾಕುವಿಗೆ ಕುರ್ಚಿ ಹಾಕಿದ.

ಇಂಥ ಕಾಕು ನನ್ನ ಕರಪತ್ರಗಳನ್ನು ತಿದ್ದುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದುದು ಅಷ್ಟಕ್ಕಷ್ಟೆ. ಆದರೂ ಅಚ್ಚಿಗೆ ಕೊಡುವ ಮೊದಲು ಪ್ರತಿ ಕರಪತ್ರವನ್ನೂ ನಾನು ಅವರ ಅಡುಗೆಮನೆಯಲ್ಲಿ ಕೂತು ಓದಿ ಹೇಳುತ್ತಿದ್ದೆ. ಅವರ ಗಂಡ ಹಾಕಿಕೊಟ್ಟ ರೂಢಿ ಅದು. ಅವರು ಪಟಪಟ ರೊಟ್ಟಿ ಬಡಿಯುತ್ತಿರುವರು, ನಾನು ಓದುತ್ತಿರುವೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತೆಂದರೆ ಅಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ.

ಒಮ್ಮೆ 'ಸಾಮಾಜಿಕ ನ್ಯಾಯ ನಿಮ್ಮ ಮನೆ ಬಾಗಿಲಿಗೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಸಪ್ಪಳ ನಿಂತಿತು.

"ಏನ್ ಬರದೀರಿ ವಕೀಲ್ರ?"

"ಯಾಕ್ರಿ ಕಾಕು, ನ್ಯಾಯ ಬ್ಯಾಡೇನ್ರಿ ಜನಕ್ಕ?"

"ನ್ಯಾಯ ಅಂದ್ರ ನಮ್ಮ ಕಡೆ ಜಗಳ್ರಿ. ಬಾಜೂ ಮನ್ಯಾಗ ಅತ್ತಿ ಸೊಸಿ ದಿನಾ ನ್ಯಾಯ ಮಾಡ್ತಾರ. ಬಾಗಲಕ್ಕ ನ್ಯಾಯ ತರ್ತೇವಿ ಅಂದ್ರ ಯಾರ ಹಾಕ್ತಾರ್ರಿ ನಿಮಗ ಓಟು? ಅವಕ್ಕ ಇದ್ದದ್ದ ಸಾಕಾಗೇತಿ."

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ಸಾಲು ತೆಗೆದು 'ದುಡಿದವರಿಗೆ ದುಡಿದಷ್ಟು ಸಿಗಲಿ' ಎಂದು ಬರೆದೆ. ಆ ಕರಪತ್ರವನ್ನು ಜನ ಮನೆಯಲ್ಲಿ ಎತ್ತಿಟ್ಟುಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಆ ಸಲ ನಾವು ಆ ವಾರ್ಡು ಗೆದ್ದೆವು. ಹೊಗಳಿಕೆ ನನಗೆ ಬಂತು, ನಾನೂ ಸುಮ್ಮನೆ ತೆಗೆದುಕೊಂಡೆ.

ಈಗಿನ ಮಾತಿಗೆ ಬರುತ್ತೇನೆ. ಮೊನ್ನೆಯ ನಗರಸಭೆ ಚುನಾವಣೆಯ ಹೊತ್ತಿಗೆ ಪಕ್ಷ ಬಹಳ ಬದಲಾಗಿತ್ತು. ಬೆಂಗಳೂರಿನಿಂದ ಮೊಬೈಲಿಗೆ ಸೂಚನೆ ಬರುತ್ತಿತ್ತು: ಪ್ರತಿ ವಾರ್ಡಿನ ಸಮಸ್ಯೆಗಳ ಪಟ್ಟಿ ಮಾಡಿ, ಇಂತಿಷ್ಟು ದಿನದೊಳಗೆ ಅಚ್ಚು ಹಾಕಿಸಿ, ಫೋಟೊ ತೆಗೆದು ಕಳಿಸಿ. ನನಗೆ ಕೋರ್ಟಿನಲ್ಲಿ ಮೈಮೇಲೆ ಕೆಲಸ. ವಕೀಲರ ಕೋಣೆಯಲ್ಲಿ ಕೂತು ಒಂದೇ ಸಮ ಬರೆದು ನೇರವಾಗಿ ಪ್ರೆಸ್ಸಿಗೆ ಕೊಟ್ಟೆ. ಕಾಕುವಿನ ಮನೆಗೆ ಹೋಗಲಿಲ್ಲ. ಪುರುಸೊತ್ತು ಇರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಖರೆ ಹೇಳಬೇಕೆಂದರೆ, ಹಿಂದಿನ ಸಲ ಅವರು ಇಡೀ ಒಂದು ಪ್ಯಾರಾ ತೆಗೆಸಿಹಾಕಿದ್ದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಇಷ್ಟು ವರ್ಷ ಬರೆದವನಿಗೆ ರೊಟ್ಟಿ ಬಡಿಯುವವರು ಕನ್ನಡ ಹೇಳಿಕೊಡಬೇಕೇ ಎಂಬ ಸೊಕ್ಕು ಅದು. ಎಂಥ ಮಾತು ನೋಡಿ, ಬಡವರ ಪಕ್ಷದವನ ಬಾಯಲ್ಲಿ!

ಆ ಕರಪತ್ರದಲ್ಲಿ ಕಾಕುವಿನ ಓಣಿಯ ಬಗ್ಗೆ ಒಂದು ಸಾಲಿತ್ತು: 'ಕೊಳಗೇರಿ ನಿವಾಸಿಗಳ ನರಕಯಾತನೆ: ವರ್ಷಕ್ಕೆರಡು ಬಾರಿ ಉಕ್ಕುವ ಗಟಾರಕ್ಕೆ ಕೊನೆ ಎಂದು?' ಕೆಳಗೆ ಓಣಿಯ ಹೆಸರು ದಪ್ಪ ಅಕ್ಷರದಲ್ಲಿ. ಗಟಾರ ಉಕ್ಕುವುದು ನಿಜ. ಮಳೆಗಾಲದಲ್ಲಿ ಎರಡು ಸಲವಾದರೂ ಹೊಲಸು ನೀರು ಅಂಗಳಕ್ಕೆ ಬರುತ್ತಿತ್ತು. ಕೊಳಗೇರಿ ಎಂದು ಬರೆದದ್ದಕ್ಕೂ ನನ್ನ ಹತ್ತಿರ ಕಾರಣವಿತ್ತು. ಸರಕಾರ ಒಂದು ಓಣಿಯನ್ನು ಕೊಳಗೇರಿ ಎಂದು ಘೋಷಿಸಿದರೆ ಗಟಾರಕ್ಕೆ, ನೀರಿಗೆ, ರಸ್ತೆಗೆ ಯೋಜನೆ ಸಿಗುತ್ತದೆ. ಜನರಿಗೆ ಒಳ್ಳೆಯದಾಗಲೆಂದೇ ಬರೆದೆ. ಆದರೆ ಆ ಓಣಿಯಲ್ಲಿ ಎಲ್ಲವೂ ಪಕ್ಕಾ ಮನೆಗಳು. ದಿನಾ ಬೆಳಗ್ಗೆ ಕಸ ಹೊಡೆದು ನೀರು ಚಿಮುಕಿಸಿ ರಂಗೋಲಿ ಹಾಕುವ ಬಾಗಿಲುಗಳು. ಮೂವತ್ತು ವರ್ಷ ಆ ಬಾಗಿಲುಗಳಲ್ಲಿ ಚಹಾ ಕುಡಿದವನು ನಾನು, ಬರೆಯುವಾಗ ಅವು ಒಂದೂ ನನ್ನ ಕಣ್ಣ ಮುಂದೆ ಬರಲಿಲ್ಲ.

ಕರಪತ್ರ ಹಂಚಿದ ನಾಲ್ಕನೇ ದಿನ ಕಾಕು ಕೋರ್ಟಿಗೇ ಬಂದರು. ಹಿಂದೆಂದೂ ಬಂದವರಲ್ಲ. ಕೈಯಲ್ಲಿ ನನ್ನ ಕರಪತ್ರ, ನಾಲ್ಕು ಮಡಿಕೆ ಮಾಡಿದ್ದು.

"ನಮ್ಮ ಓಣಿ ಯಾವಾಗಿಂದ ಕೊಳಗೇರಿ ಆತ್ರಿ ವಕೀಲ್ರ?"

ನಾನು ಕಾಯ್ದೆ ಹೇಳಲು ಶುರು ಮಾಡಿದೆ. ಘೋಷಣೆ, ಯೋಜನೆ, ಮಂಡಳಿ. ಅವರು ಕೈ ಅಡ್ಡ ಹಿಡಿದರು.

"ಕಾಯ್ದೆ ನೀವ ಇಟ್ಕೋರಿ. ನನ್ನ ಮೊಮ್ಮಗಳು ಇದನ್ನ ನನಗ ಓದಿ ಹೇಳಿದ್ಲು. ಆ ಶಬ್ದ ಬಂದಾಗ ನಿಂತ್ಲು. ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಓದಿದ್ಲು. ಸಂಕೇಶ್ವರದವರಿಂದ ಫೋನ ಬಂದೈತಿ."

ಈ ಮೊಮ್ಮಗಳ ಬಗ್ಗೆ ಹೇಳಬೇಕು. ಮಗ ಸೊಸೆ ಮೇಲವಂಕಿಯಲ್ಲಿ ಹೊಲಮನೆ ನೋಡಿಕೊಂಡಿದ್ದರು. ಹುಡುಗಿ ಓದಲೆಂದು ಸಣ್ಣವಳಿದ್ದಾಗಲೇ ಅಜ್ಜಿಯ ಹತ್ತಿರ ಗೋಕಾಕಕ್ಕೆ ಬಂದು, ಈಗ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಸಂಕೇಶ್ವರದ ಒಂದು ಮನೆತನದವರು ಅವಳನ್ನು ನೋಡಿ ಒಪ್ಪಿದ್ದರು. ಹುಡುಗನಿಗೆ ಕೊಲ್ಲಾಪುರದ ಫೌಂಡ್ರಿಯಲ್ಲಿ ನೌಕರಿ. ಹುಡುಗಿಗೂ ಹುಡುಗ ಮನಸ್ಸಿಗೆ ಬಂದಿದ್ದ, ಅದನ್ನು ಅಜ್ಜಿಗೆ ಬಾಯಿಬಿಟ್ಟು ಹೇಳಿದ್ದಳು. ಇನ್ನೇನು ಸಕ್ಕರೆ ಹಂಚಿ ನಿಶ್ಚಯ ಮಾಡುವುದಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ನನ್ನ ಕರಪತ್ರದ ಫೋಟೊ ತೆಗೆದು ಹುಡುಗನ ಮನೆಯ ಮೊಬೈಲಿಗೆ ಕಳಿಸಿದ್ದರು. 'ನಿಮ್ಮ ಬೀಗರ ಓಣಿ ನೋಡ್ರಿ' ಎಂದು ಅದರ ಕೆಳಗೆ ಬರೆದಿತ್ತಂತೆ.

"ಏನಂದ್ರು ಕಾಕು?"

"'ಸ್ವಲ್ಪ ವಿಚಾರ ಮಾಡ್ತೇವಿ' ಅಂದ್ರು."

ನಮ್ಮ ಕಡೆ ಹೆಣ್ಣಿನ ಮನೆಗೆ 'ವಿಚಾರ ಮಾಡ್ತೇವಿ' ಎಂದರೆ ವಿಚಾರ ಮುಗಿದಿದೆ ಎಂದೇ ಅರ್ಥ. ಮರುಮುದ್ರಣ ಮಾಡಿಸುತ್ತೇನೆ, ಕೊಳಗೇರಿ ತೆಗೆದು ಪ್ರದೇಶ ಎಂದು ಹಾಕಿಸುತ್ತೇನೆ ಎಂದೆ.

"ಅದ ನಿಮ್ಮ ಪಕ್ಷದ ಕೆಲಸ. ನಾಳಿ ನನ್ನ ಜೋಡಿ ಸಂಕೇಶ್ವರಕ್ಕ ಬರ್ರಿ. ಬರದವ್ರು ನೀವು, ಹೇಳವ್ರೂ ನೀವ."

ಮರುದಿನ ಬಸ್ಸು ಹತ್ತಿದೆವು. ಘಟಪ್ರಭಾ ದಾಟಿತು. ಕಿಟಕಿಯ ಹೊರಗೆ ಕಬ್ಬು, ಮತ್ತೆ ಕಬ್ಬು. ಹುಕ್ಕೇರಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಳಿದು ಬಾಳೆಹಣ್ಣು ತೆಗೆದುಕೊಂಡರು, ಬರಿಗೈಯಲ್ಲಿ ಬೀಗರ ಮನೆಗೆ ಹೋಗಬಾರದೆಂದು. ಹಣ್ಣಿನ ಚೀಲ ನನ್ನ ಕೈಗೆ ಕೊಡುತ್ತ ಮೊದಲ ಸಲ ಬಾಯಿ ಬಿಟ್ಟರು.

"ಅಲ್ಲಿ ಭಾಷಣ ಬ್ಯಾಡ್ರಿ. ಒಂದ ಮಾತ ಹೇಳ್ರಿ, ಸಾಕು."

"ಆತ್ರಿ ಕಾಕು" ಎಂದೆ. ಯಾವ ಮಾತು ಎಂದು ಕೇಳಲಿಲ್ಲ. ನನ್ನ ಚೀಲದಲ್ಲಿ ಕಾಯ್ದೆಯ ಪುಸ್ತಕವಿತ್ತು, ಗುರುತು ಹಾಕಿದ ಪುಟಗಳಿದ್ದವು.

ಹುಡುಗನ ಮನೆಯಲ್ಲಿ ಮಾತಿಗೆ ಕೂತವರು ಅವನ ಅಜ್ಜ. ಬಿಳಿ ಟೋಪಿ, ಬಿಳಿ ಅಂಗಿ, ಮಾತು ಕಡಿಮೆ. ಹುಡುಗನ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಶರಣ್ರಿ" ಎಂದು ಕಾಕು ಹಣ್ಣು ಕೊಟ್ಟರು, ನೀರು ಬಂತು, ಚಹಾ ಬಂತು. ಕಾಕು ನನ್ನತ್ತ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ.

ಏನೇನು ಹೇಳಿದೆನೋ! ಕಾಯ್ದೆಯಲ್ಲಿ ಕೊಳಗೇರಿ ಎಂದರೆ ಏನು ಅರ್ಥ, ಅದು ಬೈಗುಳ ಅಲ್ಲ ಹೇಗೆ, ಬಡತನ ಅಪಮಾನವಲ್ಲ, ಅಪಮಾನ ಆಗಬೇಕಾದದ್ದು ವ್ಯವಸ್ಥೆಗೆ, ಮನುಷ್ಯರನ್ನು ಓಣಿಯಿಂದ ಅಳೆಯುವ ಮನಸ್ಸನ್ನೇ ನಾವು ಬದಲಾಯಿಸಬೇಕು. ಕೋರ್ಟಿನ ದನಿ ತಾನೇ ಏರಿತು. ಪುಸ್ತಕ ತೆಗೆದು ಒಂದು ಕಲಮನ್ನೂ ಓದಿದೆ. ಒಳ್ಳೆಯ ವಾದ ಅದು, ಈಗಲೂ ಹೇಳುತ್ತೇನೆ, ಒಂದು ಮಾತೂ ಸುಳ್ಳಲ್ಲ.

ಅಜ್ಜ ಪೂರ್ತಿ ಕೇಳಿದರು. ಆಮೇಲೆ ನಿಧಾನವಾಗಿ, "ವಕೀಲ್ರ, ಅವರು ಬಡವರು ಅಂತ ನಾವಂತೂ ಅಂದಿಲ್ಲ. ಅಂದವ್ರು ನೀವು" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಇನ್ನೊಂದು ಕೇಳಿದರು. "ನಿಮ್ಮ ಮನಿ ಎಲ್ಲಿ ಐತ್ರಿ ಗೋಕಾಕದಾಗ?"

ಇಂಥ ಕಾಲನಿಯಲ್ಲಿ ಎಂದೆ.

"ಅಲ್ಲಿ ಗಟಾರ ತುಂಬೂದಿಲ್ಲೇನ್ರಿ?"

"ತುಂಬತೈತಿ."

"ಅದಕ್ಕ ಏನಂತ ಬರದೀರಿ?"

ಅದೇ ಕರಪತ್ರದ ಎರಡನೇ ಪುಟದಲ್ಲಿ ನಮ್ಮ ಕಾಲನಿಯ ಗಟಾರವೂ ಇತ್ತು. 'ಬಡಾವಣೆಯ ಒಳಚರಂಡಿ ಸಮಸ್ಯೆ' ಎಂದು ಬರೆದಿದ್ದೆ. ಅಲ್ಲಿ ನಿವಾಸಿಗಳೂ ಇರಲಿಲ್ಲ, ನರಕವೂ ಇರಲಿಲ್ಲ. ಕಾಯ್ದೆಯ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಆಗ ಕಾಕು ಮಾತಾಡಿದರು. ನನ್ನನ್ನು ಬೈಯಲಿಲ್ಲ, ಅವರ ಮುಂದೆ ಅಂಗಲಾಚಲಿಲ್ಲ. "ಯಜಮಾನ್ರ, ಕಾಗದದಾಗ ಏನರ ಇರ್ಲಿ. ಬರೂ ಐತವಾರ ನಮ್ಮ ಮನಿಗೆ ಊಟಕ್ಕ ಬರ್ರಿ. ಓಣಿ ನೋಡ್ರಿ. ಮನಸಿಗೆ ಬಂತಂದ್ರ ಮುಂದ ಮಾತಾಡೂಣು. ಬರಲಿಲ್ಲಂದ್ರ ಉಂಡ ಹೋಗ್ರಿ, ನಾವೇನ ಸಿಟ್ಟಾಗೂದಿಲ್ಲ."

ಬಾಗಿಲಲ್ಲಿದ್ದ ಹುಡುಗನ ತಾಯಿ ಮಾವನ ಮುಖ ನೋಡಿದರು. ಅಜ್ಜ, "ಬರ್ತೇವ್ರಿ" ಎಂದರು.

ಆ ಭಾನುವಾರ ನಾನೂ ಹೋದೆ. ಕಾಕು ಕರೆದಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮೇಲವಂಕಿಯಿಂದ ಕಾಕುವಿನ ಮಗ ಸೊಸೆ ಬಂದಿದ್ದರು, ಓಣಿಗೆ ಓಣಿಯೇ ಕೆಲಸಕ್ಕೆ ನಿಂತಿತ್ತು. ಹಿಂದೊಮ್ಮೆ ನಮ್ಮ ಕರಪತ್ರವನ್ನು ನನ್ನ ಮುಖದ ಮುಂದೆಯೇ ಹರಿದು ಹಾಕಿದ್ದ ಹೆಂಗಸು ತನ್ನ ಮನೆಯ ಹೊಸ ಜಮಖಾನೆ ತಂದು ಹಾಸುತ್ತಿದ್ದಳು. ಮತ್ತೊಬ್ಬಳು ತನ್ನ ಒಲೆಯ ಮೇಲೆ ಹೋಳಿಗೆ ಮಾಡುತ್ತಿದ್ದಳು. ಬದನೆಕಾಯಿ ಎಣಗಾಯಿ ಒಂದು ಮನೆಯಿಂದ, ಶೇಂಗಾ ಹಿಂಡಿ ಒಂದು ಮನೆಯಿಂದ, ಮೊಸರು ಇನ್ನೊಂದು ಮನೆಯಿಂದ. ಕಾಕುವಿಗೆ ಕುರ್ಚಿ ಹಾಕಿದ್ದ ಆ ಬೇರೆ ಪಕ್ಷದ ಕಟ್ಟಾಳು ಓಣಿಯ ತುದಿಯಲ್ಲಿ ನಿಂತು ಬರುವವರಿಗೆ ದಾರಿ ತೋರಿಸುತ್ತಿದ್ದ. ಎಲ್ಲ ಪಕ್ಷದವರೂ ಇದ್ದರು, ಪಕ್ಷ ಮಾತ್ರ ಇರಲಿಲ್ಲ. ಜನರನ್ನು ಒಗ್ಗೂಡಿಸುತ್ತೇವೆ ಎಂದು ನಾನು ಎಷ್ಟು ಕರಪತ್ರಗಳಲ್ಲಿ ಬರೆದಿದ್ದೆನೋ! ಈ ಹೆಂಗಸು ಒಂದು ಅಕ್ಷರ ಬರೆಯದೆ ಅದನ್ನು ಮಾಡಿ ಕೂತಿದ್ದರು. ನನಗೆ ಅಭಿಮಾನ ಉಕ್ಕಿ ಬಂತು, ಅದರ ಜೊತೆಗೆ ಹೊಟ್ಟೆಕಿಚ್ಚೂ ಬಂತು.

ಊಟಕ್ಕೆ ಕೂಡುವ ಮೊದಲು ಕಾಕು ಬೀಗರನ್ನು ಸೀದಾ ಗಟಾರದ ಹತ್ತಿರ ಕರೆದುಕೊಂಡು ಹೋದರು. ಯಾರಾದರೂ ಮುಚ್ಚಿಡುವುದನ್ನು ಇವರು ತೋರಿಸುತ್ತಿದ್ದಾರಲ್ಲ!

"ಇದ ನೋಡ್ರಿ ಆ ಗಟಾರ. ಮಳಿಗಾಲದಾಗ ಎರಡ ಸಲ ತುಂಬತೈತಿ. ಅಂಗಳದ ಮಟಾ ನೀರ ಬರ್ತೈತಿ. ಎಲ್ಲಾರೂ ಕೂಡಿ ತಗದ ಹಾಕ್ತೇವಿ. ನಾಳಿ ನೀವ ಮಳ್ಯಾಗ ಬಂದು ಬಾಯಿ ಮ್ಯಾಲೆ ಕೈ ಇಟ್ಕೋಬಾರ್ದಲ್ರಿ, ಅದಕ್ಕ ಈಗ ತೋರ್ಸಿದೆ."

ಹುಡುಗನ ತಾಯಿ ಬಗ್ಗಿ ನೋಡಿ, "ನಮ್ಮ ಮನಿ ಹಿಂದೂ ಹಿಂಗ ಐತಿ ಬಿಡ್ರಿ" ಎಂದು ನಕ್ಕುಬಿಟ್ಟರು. ಅಜ್ಜ ನಗಲಿಲ್ಲ. ಊಟವಾಗಿ ಕೈ ತೊಳೆದುಕೊಂಡು ಬಂದವರು, "ಸಕ್ಕರಿ ತರ್ರಿ" ಎಂದರು. ಅಷ್ಟೇ. ಹುಡುಗಿ ಒಳಗಿನಿಂದ ತಟ್ಟೆ ತಂದಳು, ಅವಸರಕ್ಕೆ ಸಕ್ಕರೆ ಅರ್ಧ ನೆಲದ ಮೇಲೆ ಬಿತ್ತು. ಓಣಿಯ ಹೆಂಗಸರೆಲ್ಲ ಹೋ ಎಂದು ನಕ್ಕರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಅವತ್ತೇ ನಾನು ನೋಡಿದ್ದು. ಗಂಡ ಸತ್ತಾಗಲೂ ನನ್ನೆದುರು ಅತ್ತವರಲ್ಲ.

ಎಲ್ಲ ಸುಸೂತ್ರವಾಯಿತು ಎಂದು ನಾನು ಹಗುರಾಗಿ ಮನೆಗೆ ಬಂದೆ. ಓಟಿನ ದಿನ ಬಂತು, ಹೋಯಿತು. ಎಣಿಕೆಯ ದಿನ ನಾವು ಆ ವಾರ್ಡಿನಲ್ಲಿ ಸೋತೆವು, ಅಂತಿಂಥ ಸೋಲಲ್ಲ, ನೆಲ ಕಚ್ಚಿ ಸೋತೆವು. ಕಾಕುವಿನ ಓಣಿಯ ಮತಗಟ್ಟೆಯಲ್ಲಿ ನಮಗೆ ಬಿದ್ದದ್ದು ಬೆರಳೆಣಿಕೆಯಷ್ಟು.

ಸೋಲಿನ ಪರಾಮರ್ಶೆಗೆಂದು ಮೂಡಲಗಿಯಲ್ಲಿ ಸಭೆ ಕರೆದರು. ಅಕ್ಕಪಕ್ಕದ ತಾಲೂಕುಗಳವರೆಲ್ಲ ಬಂದಿದ್ದರು. ಒಬ್ಬರು ದುಡ್ಡು ಸೋಲಿಸಿತು ಎಂದರು, ಇನ್ನೊಬ್ಬರು ಜಾತಿ ಎಂದರು, ಮೇಲಿನಿಂದ ಬಂದ ಮುಖಂಡರು ಜನರ ಪ್ರಜ್ಞೆಯ ಮಟ್ಟ ಕುಸಿದಿದೆ ಎಂದರು. ನನ್ನ ಸರದಿ ಬಂದಾಗ ನಾನು ಮೂರನ್ನೂ ಸೇರಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಜನರೇ ಇಲ್ಲದ ಆ ಕೋಣೆಯಲ್ಲಿ ಜನರಿಗೆ ಏನಾಗಿದೆ ಎಂದು ನಾವು ಮೂರು ತಾಸು ಮಾತಾಡಿದೆವು. ಕೊನೆಗೆ ವರದಿ ಬರೆಯುವ ಕೆಲಸ ನನಗೇ ಬಂತು.

ಮೂಡಲಗಿಯಿಂದ ಬಂದವನು ಬಸ್ಸು ಇಳಿದು ನೇರವಾಗಿ ಕಾಕುವಿನ ಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು, ಮೊಮ್ಮಗಳು ಒಳಗೆ ಡ್ಯೂಟಿಗೆ ಹೊರಡಲು ತಯಾರಾಗುತ್ತಿದ್ದಳು. ನಾನು ನಿಂತಲ್ಲೇ ಕೇಳಿದೆ.

"ಕಾಕು, ಈ ಓಣ್ಯಾಗ ಯಾರ ಯಾರ ದುಡ್ಡ ತಿಂದಾರ, ಖರೆ ಹೇಳ್ರಿ. ವರದಿ ಬರೀಬೇಕ ನಾನು."

ಅವರು ಮೊರ ಕೆಳಗಿಟ್ಟರು. "ಯಾರೂ ತಿಂದಿಲ್ರಿ. ನಾನಂತೂ ತಿಂದಿಲ್ಲ, ಆದ್ರೂ ಈ ಸಲ ನಿಮಗ ಹಾಕಿಲ್ಲ."

ನನಗೆ ಕಿವಿ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ಗಂಡನ ಕಾಲದಿಂದ ಬಂದ ಮನೆ. ಆಮೇಲೆ ನನ್ನ ಸಿಟ್ಟು ನೆತ್ತಿಗೇರಿತು.

"ಒಂದ ಶಬ್ದಕ್ಕೇನ್ರಿ ಕಾಕು? ಬರೇ ಒಂದ ಶಬ್ದಕ್ಕ? ಮದುವಿ ಗಟ್ಟಿ ಆತಲ್ರಿ, ಇನ್ನೇನ ಬೇಕಿತ್ತು?"

"ಕೂಗಬ್ಯಾಡ್ರಿ, ಇದ ಕೋರ್ಟ ಅಲ್ಲ. ಶಬ್ದಕ್ಕ ಅಲ್ಲ. ಬರಿಯವ್ರ ಕೈ ತಪ್ಪತೈತಿ, ನನ್ನ ರೊಟ್ಟೀನೂ ಹರೀತಾವ. ಹುಕ್ಕೇರಿ ಸ್ಟ್ಯಾಂಡಿನ್ಯಾಗ ಒಂದ ಮಾತ ಹೇಳ್ರಿ ಅಂದಿದ್ದೆ. ಅರ್ಧಾ ತಾಸ ಮಾತಾಡಿದ್ರಿ, ಪುಸ್ತಕ ತಗದ ಓದಿದ್ರಿ. ಆ ಮಾತ ಬರಲಿಲ್ಲ ನಿಮ್ಮ ಬಾಯಾಗ. ಐತವಾರ ಬಂದ್ರಿ, ಉಂಡ್ರಿ. ಅವತ್ತೂ ಬರಲಿಲ್ಲ. ಇವತ್ತ ಸೋತು ಬಂದೀರಿ, ಇವತ್ತೂ ನಮ್ಮ ತಪ್ಪ ಹುಡಕಾಕ ಬಂದೀರಿ."

"ಯಾವ ಮಾತ್ರಿ?"

"ಅದನ್ನೂ ನಾನ ಹೇಳ್ಬೇಕೇನ್ರಿ?"

ಅವರ ದನಿ ಏರಲೇ ಇಲ್ಲ. ಮತ್ತೆ ಮೊರ ಎತ್ತಿಕೊಂಡರು. "ಕೂಡ್ರಿ, ಚಾ ಮಾಡ್ತೇನಿ" ಎಂದರು, ಅಷ್ಟಾದ ಮೇಲೂ. ನಾನು ಕೂಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ಹೊರಟುಬಿಟ್ಟೆ. ಅವರು ಯಾವ ಮಾತು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಸಿಟ್ಟು.

ಓಣಿಯ ತುದಿ ಮುಟ್ಟುವಷ್ಟರಲ್ಲಿ ಹಿಂದೆ ಸ್ಕೂಟಿಯ ಸಪ್ಪಳ ಕೇಳಿತು.

"ಕಾಕಾ, ನಿಲ್ರಿ!"

ಮೊಮ್ಮಗಳು. ಆಸ್ಪತ್ರೆಯ ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡಿದ್ದಳು. ಬೈಯಲು ಬಂದಳು ಎಂದುಕೊಂಡೆ. ಬೈಯಲಿ, ಅವಳಿಗೆ ಹಕ್ಕಿದೆ. ಅವಳು ಹಿಂದೆ ತಿರುಗಿ ಅಜ್ಜಿಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನಾ ನಿಮಗ ಹಾಕೀನ್ರಿ ಕಾಕಾ. ಅಜ್ಜಿಗೆ ಹೇಳಬ್ಯಾಡ್ರಿ, ಬೈತಾಳ."

"ನೀನೇನವಾ? ಯಾಕ?"

"ಉಳಿದವ್ರ ಹ್ಯಾಂಡಬಿಲ್ನ್ಯಾಗ ನಮ್ಮ ಗಟಾರದ ಸುದ್ದೀನ ಇರಲಿಲ್ರಿ. ನಿಮ್ಮದ್ರಾಗ ಇತ್ತು. ಹೆಸರ ಕೆಟ್ಟದ ಇಟ್ಟಿ‌ದ್ರಿ, ಖರೆ. ಆದ್ರ ತುಂಬೂದೂ ಖರೆ ಐತಲ್ರಿ."

ಯಾರ ಮದುವೆ ನನ್ನ ಒಂದು ಸಾಲಿನಿಂದ ಮುರಿದು ಬೀಳುವುದಿತ್ತೋ ಅವಳು, ಇಡೀ ಓಣಿಯಲ್ಲಿ ಅವಮಾನ ಉಂಡವಳು, ನನ್ನ ಕರಪತ್ರವನ್ನು ಕೊನೆಯವರೆಗೆ ಓದಿದ್ದಳು. ಆ ಬಿಸಿಲಲ್ಲಿ, ಓಣಿಯ ತುದಿಯಲ್ಲಿ ನಿಂತಾಗ, ಮೂಡಲಗಿಯ ಚಪ್ಪಾಳೆಗಳೆಲ್ಲ ನನ್ನ ಮುಖಕ್ಕೇ ಬಂದು ಬಿದ್ದ ಹಾಗಾಯಿತು.

"ತಪ್ಪಾತವಾ" ಎಂದೆ. ದನಿ ಕೋರ್ಟಿನದಲ್ಲ, ನನಗೇ ಗುರುತು ಸಿಗದಂಥದ್ದು. "ನಂದ ತಪ್ಪಾತು."

ಅವಳು ಸ್ಕೂಟಿ ಶುರು ಮಾಡಿದಳು.

"ಇಷ್ಟ ಅವತ್ತ ಅಂದಿದ್ರ, ಕಾಕಾ, ಅಜ್ಜೀನೂ ಹಾಕ್ತಿದ್ಲು. ಅಜ್ಜಿ ಹಾಕಿದ್ರ ಓಣಿ ಎಲ್ಲಾ ಹಾಕ್ತಿತ್ತು."